ಎಂಆರ್‌ಐ ವರದಿಯಲ್ಲಿ ‘ಭಾಗಶಃ ಹರಿದಿದೆ’ ಎಂದಿದ್ದರೆ ಜಿಮ್ ಬಿಡಬೇಕೆ?

ಪ್ರಶ್ನೆ: ನನಗೆ 41 ವರ್ಷ. ಮನೆ ಕಾಪುವಿನಲ್ಲಿ, ಕೆಲಸ ಮಂಗಳೂರಿನ ಬ್ಯಾಂಕೊಂದರಲ್ಲಿ. ಎರಡು ವರ್ಷಗಳಿಂದ ವಾರಕ್ಕೆ ನಾಲ್ಕು ದಿನ ಜಿಮ್‌ಗೆ ಹೋಗುತ್ತಿದ್ದೇನೆ. ಭಾನುವಾರ ಊರಿನ ಮೈದಾನದಲ್ಲಿ ವಾಲಿಬಾಲ್ ಆಡುತ್ತೇನೆ. ಈ ವರ್ಷ ಗೆಳೆಯರೊಂದಿಗೆ ಪಂಥಕ್ಕೆ ಬಿದ್ದು ಎರಡೇ ತಿಂಗಳಲ್ಲಿ ಬೆಂಚ್ ಪ್ರೆಸ್ಸನ್ನು (ಬೆಂಚಿನ ಮೇಲೆ ಮಲಗಿ ಎದೆಯಿಂದ ಮೇಲಕ್ಕೆ ಒತ್ತುವ ಭಾರ) 60 ಕಿಲೋದಿಂದ 85 ಕಿಲೋಗೆ ಏರಿಸಿದೆ. ಅದಾದ ಮೇಲೆ ನಾಲ್ಕು ತಿಂಗಳಿಂದ ಬಲಭುಜದ ಹೊರಬದಿಯಲ್ಲಿ ನೋವಿದೆ. ಬಾರ್ ಎದೆಯ ಹತ್ತಿರ ಇಳಿದಾಗ, ಬಸ್ಸಿನಲ್ಲಿ ನಿಂತು ಮೇಲಿನ ಕಂಬಿ ಹಿಡಿದಾಗ, ರಾತ್ರಿ ಬಲಮಗ್ಗುಲಿಗೆ ಮಲಗಿದಾಗ ನೋವು ಜೋರಾಗುತ್ತದೆ. ಎಂಆರ್‌ಐಯಲ್ಲಿ ಸುಪ್ರಾಸ್ಪಿನೇಟಸ್ ಸ್ನಾಯುರಜ್ಜು ಭಾಗಶಃ ಹರಿದಿದೆ, ಬರ್ಸಾದಲ್ಲಿ ದ್ರವವಿದೆ, ಅಕ್ರೋಮಿಯನ್ ಮೂಳೆ ಬಾಗಿದೆ ಎಂದು ಬಂದಿದೆ. ನೋವು ಸಹಿಸದೆ ಮೈ ಬೆಳೆಯದು ಎನ್ನುತ್ತಾರೆ ಜಿಮ್ಮಿನ ತರಬೇತುದಾರರು. ಮನೆಯವರು ಜಿಮ್ಮನ್ನೇ ಬಿಡಿ ಎನ್ನುತ್ತಾರೆ. ಒಬ್ಬ ವೈದ್ಯರು ಇಂಜೆಕ್ಷನ್ ಸೂಚಿಸಿದ್ದಾರೆ, ಇನ್ನೊಬ್ಬರು ಕೀಹೋಲ್ ಶಸ್ತ್ರಚಿಕಿತ್ಸೆಯಲ್ಲಿ ಮೂಳೆ ಕೆರೆಸಿಕೊಳ್ಳಿ ಎಂದಿದ್ದಾರೆ. ಸಕ್ಕರೆ ಅಂಚಿನಲ್ಲಿದೆ, ಎಚ್‌ಬಿಎ1ಸಿ 6.2. ಡಿಸೆಂಬರ್‌ನಲ್ಲಿ ಬ್ಯಾಂಕ್ ನೌಕರರ ವಾಲಿಬಾಲ್ ಪಂದ್ಯಾವಳಿಯೂ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಆತಂಕ ನಿಮ್ಮನ್ನು ಎರಡು ಕಡೆಗೆ ಎಳೆಯುತ್ತಿದೆ. ಭಾರ ಎತ್ತುತ್ತಲೇ ಹೋದರೆ ಅರ್ಧ ಹರಿದದ್ದು ಪೂರ್ತಿ ಹರಿದು, ಮುಂದೆ ಕೈಯೆತ್ತಲೂ ಆಗದ ಸ್ಥಿತಿ ಬಂದೀತೆಂಬ ಹೆದರಿಕೆ ಒಂದು ಕಡೆ. ಬಿಟ್ಟುಬಿಟ್ಟರೆ ಎರಡು ವರ್ಷದ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾದೀತೆಂಬ ಸಂಕಟ ಇನ್ನೊಂದು ಕಡೆ. ನೀವು ಬರೆದಿರುವ ವಿವರಗಳನ್ನು ನೋಡಿದರೆ ವ್ಯಾಯಾಮವನ್ನು ಪೂರ್ತಿ ನಿಲ್ಲಿಸುವ ಅಗತ್ಯ ಕಾಣುವುದಿಲ್ಲ, ಈಗಿನಂತೆಯೇ ಮುಂದುವರಿಸುವುದೂ ಸರಿಯಲ್ಲ. ವಾರವಿಡೀ ಈ ಭುಜದ ಮೇಲೆ ಬೀಳುತ್ತಿರುವ ಒಟ್ಟು ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಂಡು, ಅದನ್ನು ಇಳಿಸಿ, ಮತ್ತೆ ಹಂತಹಂತವಾಗಿ ಏರಿಸುವುದೇ ಇಲ್ಲಿ ಮುಖ್ಯ ಚಿಕಿತ್ಸೆ. ಪತ್ರ ಓದಿ ಕೊಡುವ ಸಲಹೆ ಮುಟ್ಟಿ ನೋಡಿ ಮಾಡುವ ಪರೀಕ್ಷೆಗೆ ಸಮನಲ್ಲ ಎಂಬುದಷ್ಟನ್ನು ಗಮನದಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಮೊದಲು ಎಂಆರ್‌ಐ ವರದಿಯ ವಿಚಾರ. ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯೇ ಸ್ನಾಯುರಜ್ಜು; ಸುಪ್ರಾಸ್ಪಿನೇಟಸ್ ಭುಜದ ಮೇಲ್ಭಾಗದ ಒಂದು ಸ್ನಾಯು; ಬರ್ಸಾ ಎಂದರೆ ರಜ್ಜು ಮೂಳೆಗೆ ಉಜ್ಜದಂತೆ ನಡುವೆ ಇರುವ ತೆಳು ಚೀಲ. ನಲವತ್ತು ದಾಟಿದವರ ಭುಜವನ್ನು ಸ್ಕ್ಯಾನ್ ಮಾಡಿದರೆ, ನೋವಿರಲಿ ಇಲ್ಲದಿರಲಿ, ವರದಿ ಸಾಮಾನ್ಯವಾಗಿ ಖಾಲಿ ಬರುವುದಿಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಭುಜದ ತೊಂದರೆಯೇನೂ ಇಲ್ಲದ 40ರಿಂದ 70 ವರ್ಷದೊಳಗಿನ 51 ಗಂಡಸರಿಗೆ ಅಲ್ಟ್ರಾಸೌಂಡ್ ಮಾಡಿದಾಗ ಶೇ 96 ಮಂದಿಯಲ್ಲಿ ಏನಾದರೊಂದು ಕೊರತೆ ಕಂಡುಬಂದಿತ್ತು: ಬರ್ಸಾ ದಪ್ಪಗಾಗಿರುವುದು, ಕೊರಳೆಲುಬಿನ ತುದಿಯ ಕೀಲು ಸವೆದಿರುವುದು, ಸ್ನಾಯುರಜ್ಜು ಶಿಥಿಲವಾಗಿರುವುದು ಅಥವಾ ಭಾಗಶಃ ಹರಿದಿರುವುದು ಇತ್ಯಾದಿ. ಅವರಾರಿಗೂ ನೋವಿರಲಿಲ್ಲ. ನಿಮ್ಮ ಎಡಭುಜಕ್ಕೂ ಎಂಆರ್‌ಐ ಮಾಡಿಸಿದರೆ ಅಲ್ಲಿಯೂ ಇಂಥ ಎರಡು ಸಾಲು ಬರುವ ಸಾಧ್ಯತೆ ಸಾಕಷ್ಟಿದೆ. (ದಯವಿಟ್ಟು ಮಾಡಿಸಬೇಡಿ, ಹಣ ದಂಡ.) ಭಾಗಶಃ ಹರಿದದ್ದು ಕೆಲವರಲ್ಲಿ ವರ್ಷಗಳ ಅವಧಿಯಲ್ಲಿ ದೊಡ್ಡದಾಗುವುದುಂಟು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂಥ ಭುಜದಲ್ಲಿಯೂ ಬಲ ಉಳಿಸಿಕೊಂಡು ನೋವಿಲ್ಲದೆ ಬದುಕುವವರೇ ಹೆಚ್ಚು, ಮತ್ತು ಆ ಬಲವನ್ನು ಉಳಿಸುವುದು ವಿಶ್ರಾಂತಿಯಲ್ಲ, ವ್ಯಾಯಾಮ.

ಇನ್ನು ಬಾಗಿದ ಅಕ್ರೋಮಿಯನ್. ಭುಜದ ನೆತ್ತಿಯಲ್ಲಿ ಕೈಗೆ ಸಿಗುವ ಗಟ್ಟಿ ಅಂಚೇ ಈ ಮೂಳೆ. ಅಮೆರಿಕದ ಶಸ್ತ್ರಚಿಕಿತ್ಸಕ ಚಾರ್ಲ್ಸ್ ನೀರ್ 1972ರಲ್ಲಿ ಮಂಡಿಸಿದ ವಿವರಣೆಯ ಪ್ರಕಾರ, ಕೈಯೆತ್ತಿದಾಗ ಸ್ನಾಯುರಜ್ಜು ಈ ಮೂಳೆಯ ಅಡಿಗೆ ಸಿಕ್ಕಿ ಉಜ್ಜಿಹೋಗುತ್ತದೆ. ಆದ್ದರಿಂದ ಮೂಳೆಯ ಅಡಿಭಾಗವನ್ನು ಕೆರೆದು ಜಾಗ ಮಾಡಿಕೊಟ್ಟರೆ ನೋವು ಹೋಗಬೇಕು. ಕೇಳಲು ಎಷ್ಟು ಸರಳವೆಂದರೆ, ದಶಕಗಳ ಕಾಲ ಜಗತ್ತಿನಾದ್ಯಂತ ಲಕ್ಷಾಂತರ ಮಂದಿಗೆ ಈ ಶಸ್ತ್ರಚಿಕಿತ್ಸೆ ನಡೆಯಿತು. ಅದನ್ನು ಸರಿಯಾಗಿ ಒರೆಗೆ ಹಚ್ಚಿದ ಬ್ರಿಟನ್ನಿನ ಅಧ್ಯಯನವೊಂದು 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ನಿಜವಾಗಿ ಮೂಳೆ ಕೆರೆದರು, ಇನ್ನೊಂದು ಗುಂಪಿಗೆ ಕ್ಯಾಮೆರಾ ತೂರಿಸಿ ಒಳಗೆ ನೋಡಿ ಏನನ್ನೂ ಕೆರೆಯದೆ ಹೊಲಿಗೆ ಹಾಕಿದರು, ಮೂರನೆಯ ಗುಂಪಿಗೆ ಏನನ್ನೂ ಮಾಡಲಿಲ್ಲ. ಆರು ತಿಂಗಳ ನಂತರ ಮೊದಲ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಮೂರನೆಯ ಗುಂಪಿಗಿಂತ ಅವರಿಗೆ ಆದ ಹೆಚ್ಚುವರಿ ಲಾಭವೂ ರೋಗಿಗೆ ಗೊತ್ತಾಗುವಷ್ಟು ದೊಡ್ಡದಾಗಿರಲಿಲ್ಲ. ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ, ನಿಮ್ಮಂಥ ನೋವಿಗೆ ಈ ಶಸ್ತ್ರಚಿಕಿತ್ಸೆ ಬೇಡವೆಂದು ಸ್ಪಷ್ಟವಾಗಿಯೇ ಹೇಳಿತು. ನಿಮಗೆ ಶಸ್ತ್ರಚಿಕಿತ್ಸೆ ಸೂಚಿಸಿದ ವೈದ್ಯರನ್ನು ಮತ್ತೆ ಭೇಟಿಯಾದಾಗ, ‘ಮೂಳೆ ಕೆರೆಯುವುದಕ್ಕೋ, ಹರಿದದ್ದನ್ನು ಹೊಲಿಯುವುದಕ್ಕೋ’ ಎಂದು ಕೇಳಿ. ಇವೆರಡೂ ಬೇರೆಬೇರೆ. ಬಿದ್ದೋ ಜಗ್ಗಿದ್ದರಿಂದಲೋ ರಜ್ಜು ಪೂರ್ತಿ ಕಿತ್ತುಹೋಗಿ ಕೈಯ ಬಲವೇ ಕುಸಿದವರಿಗೆ ಹೊಲಿಗೆ ಬೇಕಾಗಬಹುದು, ಅದನ್ನು ತಡಮಾಡಬಾರದು. ನಿಮ್ಮದು ಆ ಸಾಲಿಗೆ ಸೇರಿದ್ದಲ್ಲ.

ಹಾಗಾದರೆ ನೋವು ಬಂದದ್ದೇಕೆ? ಭುಜದ ಕೀಲಿನ ಗುಳಿ ಬಹಳ ಆಳವಿಲ್ಲದ್ದು. ಕೈಯನ್ನು ಇಷ್ಟೊಂದು ದಿಕ್ಕುಗಳಿಗೆ ತಿರುಗಿಸಲು ನಮಗೆ ಸಾಧ್ಯವಾಗಿರುವುದೇ ಅದರಿಂದ. ಆ ಆಳವಿಲ್ಲದ ಗುಳಿಯಲ್ಲಿ ತೋಳೆಲುಬಿನ ದುಂಡು ತಲೆ ಜಾರದಂತೆ ನಡುವೆ ಹಿಡಿದಿಡುವ ಹೊಣೆ ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳದ್ದು, ಮತ್ತು ಅವುಗಳಲ್ಲಿ ಮೇಲೆ ಹಾದುಹೋಗುವ ಸುಪ್ರಾಸ್ಪಿನೇಟಸ್ಸೇ ಹೆಚ್ಚಾಗಿ ತೊಂದರೆಗೊಳಗಾಗುವುದು. ಎದೆ ಮತ್ತು ತೋಳಿನ ದೊಡ್ಡ ಸ್ನಾಯುಗಳು ಕೆಲವೇ ವಾರಗಳಲ್ಲಿ ಬಲ ಪಡೆಯುತ್ತವೆ. ಸ್ನಾಯುರಜ್ಜುವಿಗೆ ರಕ್ತಸಂಚಾರ ಕಡಿಮೆ. ಅದು ಹೊಸ ಭಾರಕ್ಕೆ ಹೊಂದಿಕೊಳ್ಳಲು ತಿಂಗಳುಗಳೇ ಬೇಕು. 60ರಿಂದ 85 ಎಂದರೆ ಎರಡು ತಿಂಗಳಲ್ಲಿ ಶೇ 40ಕ್ಕಿಂತ ಹೆಚ್ಚಿನ ಏರಿಕೆ. ನಿಮ್ಮ ಎದೆ ಅದಕ್ಕೆ ಸಿದ್ಧವಾಯಿತು, ಭುಜದ ರಜ್ಜು ಹಿಂದೆ ಬಿತ್ತು.

ಆದರೆ ಬರೀ ಬೆಂಚ್ ಪ್ರೆಸ್ಸನ್ನು ದೂರಿ ಸುಮ್ಮನಾಗುವಂತಿಲ್ಲ. ನಿಮ್ಮ ಪತ್ರದಲ್ಲಿ ವಾಲಿಬಾಲ್ ಒಂದು ಸಾಲಿನಲ್ಲಿ ಬಂದುಹೋಗಿದೆ; ನನ್ನ ಕಣ್ಣು ನಿಂತದ್ದು ಅಲ್ಲಿಯೇ. ನಮ್ಮ ಕರಾವಳಿಯಲ್ಲಿ ಭುಜನೋವೆಂದು ಬರುವ ಜಿಮ್‌ಪಟುಗಳ ಹಿನ್ನೆಲೆ ಕೆದಕಿದರೆ, ಬಾರಿನ ಭಾರದ ಹಿಂದೆ ಅವರು ಲೆಕ್ಕಕ್ಕೇ ಹಿಡಿಯದ ಇನ್ನೊಂದು ಭಾರ ಆಗಾಗ ಸಿಗುತ್ತದೆ. ಕೆಲವರಿಗೆ ಅದು ಭಾನುವಾರದ ಸ್ಮ್ಯಾಶು, ಕೆಲವರಿಗೆ ಅಡಿಕೆ ತೋಟದಲ್ಲಿ ಕತ್ತೆತ್ತಿ ಹಿಡಿದು ನಿಲ್ಲುವ ಕಾರ್ಬನ್ ಫೈಬರ್ ದೋಟಿ, ಮಲ್ಪೆಯ ಬೋಟಿನವರಿಗೆ ಬಲೆ ಎಳೆಯುವ ಕೆಲಸ. ಶನಿವಾರ ಬೆಂಚ್ ಪ್ರೆಸ್, ಭಾನುವಾರ ಎರಡು ಗಂಟೆ ಸರ್ವು ಮತ್ತು ಸ್ಮ್ಯಾಶು, ಸೋಮವಾರ ಬೆಳಿಗ್ಗೆ ಉಡುಪಿ–ಮಂಗಳೂರು ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕಂಬಿಗೆ ಜೋತುಬಿದ್ದ ಪ್ರಯಾಣ: ಹೀಗೇನಾದರೂ ನಿಮ್ಮ ವಾರ ಸಾಗುತ್ತಿದ್ದರೆ ಆ ರಜ್ಜುವಿಗೆ ಸುಧಾರಿಸಿಕೊಳ್ಳಲು ದಿನವೇ ಸಿಗುತ್ತಿಲ್ಲ. ಒಂದು ಹಾಳೆಯಲ್ಲಿ ಏಳು ದಿನ ಬರೆದು, ಬಲಗೈ ಭುಜದೆತ್ತರಕ್ಕೆ ಅಥವಾ ಅದಕ್ಕಿಂತ ಮೇಲೆ ಹೋಗುವ ಕೆಲಸಗಳನ್ನೆಲ್ಲ ಗುರುತು ಮಾಡಿ ನೋಡಿ. ಫಿಜಿಯೋಥೆರಪಿಸ್ಟರ ಬಳಿ ಹೋಗುವಾಗ ಎಂಆರ್‌ಐ ಫಿಲ್ಮಿಗಿಂತ ಈ ಹಾಳೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇದರರ್ಥ ತಲೆಯ ಮೇಲೆ ಭಾರ ಎತ್ತುವುದೇ ಭುಜಕ್ಕೆ ಕೇಡು ಎಂದಲ್ಲ. ನಮ್ಮ ಕುಂದಾಪುರ ಕಡೆಯ ವಂಡ್ಸೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಅದರಲ್ಲಿ ಕ್ಲೀನ್ ಆ್ಯಂಡ್ ಜರ್ಕ್‌ನ 138 ಕಿಲೋ ತಲೆಯ ಮೇಲೆ ನಿಂತ ಭಾರ. ವರ್ಷಗಳ ತಯಾರಿಯಿದ್ದರೆ ಭುಜ ಅದನ್ನೂ ತಾಳುತ್ತದೆ. ಎರಡು ತಿಂಗಳ ಪಂಥವನ್ನು ತಾಳುವುದಿಲ್ಲ.

ಚಿಕಿತ್ಸೆಗೆ ಇಳಿಯುವ ಮುನ್ನ ಒಂದು ಪರೀಕ್ಷೆಯನ್ನು ನೀವು ಮನೆಯಲ್ಲೇ ಮಾಡಿಕೊಳ್ಳಬೇಕು, ನಿಮ್ಮ ವಯಸ್ಸು ಮತ್ತು ಸಕ್ಕರೆಯ ಕಾರಣಕ್ಕೆ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 5.7ರಿಂದ 6.4ರವರೆಗೆ ಇದ್ದರೆ ಅದು ಮಧುಮೇಹದ ಹೊಸ್ತಿಲು. ಮಧುಮೇಹಿಗಳಲ್ಲಿ ಭುಜ ಬಿಗಿದುಕೊಳ್ಳುವ ‘ಫ್ರೋಜನ್ ಶೋಲ್ಡರ್’ ಹೆಚ್ಚು, ಅದು ಶುರುವಾಗುವುದೂ ನಲವತ್ತರಿಂದ ಅರವತ್ತರ ನಡುವೆ, ಮತ್ತು ಮೊದಲ ತಿಂಗಳುಗಳಲ್ಲಿ ಅದರ ನೋವು ನಿಮ್ಮ ಈಗಿನ ನೋವಿನ ಹಾಗೆಯೇ ಇರುತ್ತದೆ. ಕನ್ನಡಿಯ ಮುಂದೆ ನಿಂತು ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ 90 ಡಿಗ್ರಿ ಮಡಚಿ, ಅಂಗೈಗಳು ಎದುರುಬದುರಾಗಿರಲಿ. ಮೊಣಕೈ ಪಕ್ಕೆ ಬಿಡದಂತೆ ಮುಂಗೈಗಳನ್ನು ಹೊರಕ್ಕೆ ತಿರುಗಿಸಿ. ಬಲಗೈ ಎಡಗೈಯಷ್ಟು ಹೋಗದಿದ್ದರೆ, ಕೈಯನ್ನು ಸಡಿಲ ಬಿಟ್ಟು ಮನೆಯವರಿಂದ ಮೆಲ್ಲನೆ ತಿರುಗಿಸಿ ನೋಡಿ. ಅವರು ತಿರುಗಿಸಿದರೆ ಸಲೀಸಾಗಿ ಹೋಗುತ್ತದೆಯೆಂದಾದರೆ ಭುಜ ಬಿಗಿದುಕೊಂಡಿರುವ ಚಿಂತೆಯಿಲ್ಲ. ಅವರು ತಿರುಗಿಸಿದರೂ ಒಂದು ಕಡೆ ಗಟ್ಟಿಯಾಗಿ ನಿಂತುಬಿಟ್ಟರೆ ಅದು ಫ್ರೋಜನ್ ಶೋಲ್ಡರಿನ ಲಕ್ಷಣ. ಆಗ ನಾನು ಕೆಳಗೆ ಹೇಳುವ ಬಲವರ್ಧನೆಯ ದಾರಿ ನಿಮಗಲ್ಲ; ಬೇಗ ವೈದ್ಯರಿಗೆ ತೋರಿಸಿ, ಏಕೆಂದರೆ ಅಲ್ಲಿ ಇಂಜೆಕ್ಷನ್ ಮೊದಲೇ ಕೊಟ್ಟರೆ ಹೆಚ್ಚು ಪ್ರಯೋಜನ.

ನೋವಿನ ಜಾಗವೂ ಮುಖ್ಯ. ಭುಜದ ನೆತ್ತಿಯ ಮೇಲೆ ಒಂದೇ ಬೆರಳಿಟ್ಟು ‘ಇಲ್ಲಿ’ ಎಂದು ತೋರಿಸುವವರಿಗೆ, ಕೈಯನ್ನು ಎದೆಯಡ್ಡ ತಂದಾಗ ನೋವಾಗುವವರಿಗೆ, ತೊಂದರೆ ಕೊರಳೆಲುಬಿನ ತುದಿಯ ಕೀಲಿನದು. ಬೆಂಚ್ ಪ್ರೆಸ್ ಮತ್ತು ಡಿಪ್ಸ್ (ಎರಡು ಕಂಬಿಗಳ ನಡುವೆ ಕೈಯೂರಿ ಮೈಯನ್ನು ಇಳಿಸಿ ಏರಿಸುವುದು) ಹೆಚ್ಚು ಮಾಡುವವರಲ್ಲಿ ಆ ಮೂಳೆಯ ತುದಿ ಸವೆಯುವುದುಂಟು. ಹೊರಬದಿಯ ನೋವಿನವರು ಸಾಮಾನ್ಯವಾಗಿ ಬೆರಳಿಡುವುದಿಲ್ಲ, ಇಡೀ ಅಂಗೈಯಿಂದ ತೋಳಿನ ಮೇಲ್ಭಾಗವನ್ನು ಸವರಿ ತೋರಿಸುತ್ತಾರೆ. ನಿಮ್ಮದು ಈ ಎರಡನೆಯ ಬಗೆ. ನೋವು ಮೊಣಕೈ ದಾಟಿ ಬೆರಳುಗಳವರೆಗೆ ಇಳಿದು ಜೋಮು ಹಿಡಿಯುತ್ತಿದ್ದರೆ ಕುತ್ತಿಗೆಯನ್ನು ಪರೀಕ್ಷಿಸಬೇಕಾಗುತ್ತದೆ.

ಈಗ ಜಿಮ್ಮಿನಲ್ಲಿ ಮಾಡಬೇಕಾದ ಬದಲಾವಣೆ. ಮುಂದಿನ ಮೂರು ವಾರ ಬಾರ್ಬೆಲ್ ಬೆಂಚ್ ಪ್ರೆಸ್ ಬೇಡ. ಅದರ ಬದಲು ನೆಲದ ಮೇಲೆ ಮಲಗಿ, ಅಂಗೈಗಳು ಎದುರುಬದುರಾಗಿರುವಂತೆ ಡಂಬೆಲ್ ಹಿಡಿದು ಫ್ಲೋರ್ ಪ್ರೆಸ್ ಮಾಡಿ. ಮೊಣಕೈ ನೆಲಕ್ಕೆ ತಾಗಿದಲ್ಲಿಗೆ ಚಲನೆ ತಾನಾಗಿ ನಿಲ್ಲುವುದರಿಂದ, ಬಾರ್ ಎದೆಗೆ ಇಳಿಯುವಾಗ ನಿಮಗೆ ನೋವು ಕೊಡುವ ಆ ಕೊನೆಯ ಭಾಗ ತಪ್ಪುತ್ತದೆ. ತೋಳು ಮೈಯಿಂದ ಸುಮಾರು 45 ಡಿಗ್ರಿ ದೂರದಲ್ಲಿರಲಿ, ಭುಜದ ನೇರಕ್ಕೆ ಅಗಲಿಸಬೇಡಿ. ಕುತ್ತಿಗೆಯ ಹಿಂದೆ ಇಳಿಸುವ ಪ್ರೆಸ್, ಗಲ್ಲದವರೆಗೆ ಎಳೆಯುವ ಅಪ್‌ರೈಟ್ ರೋ, ಆಳದ ಡಿಪ್ಸ್ ಇವು ಮೂರೂ ಸದ್ಯಕ್ಕೆ ಪಟ್ಟಿಯಿಂದ ಹೊರಗಿರಲಿ. ಇವುಗಳಿಂದ ಬರುವ ಲಾಭವನ್ನು ಬೇರೆ ವ್ಯಾಯಾಮಗಳಿಂದ ಪಡೆಯಬಹುದಾದ್ದರಿಂದ, ನನ್ನ ಅಭಿಪ್ರಾಯದಲ್ಲಿ, ನಲವತ್ತರ ನಂತರ ಇವಕ್ಕೆ ಹಿಂದಿರುಗುವ ತುರ್ತು ಯಾರಿಗೂ ಇಲ್ಲ. ಕಾಲಿನ ವ್ಯಾಯಾಮಗಳು, ರೋಯಿಂಗ್, ಎದೆಯ ಮುಂದಕ್ಕೆ ಎಳೆಯುವ ಪುಲ್‌ಡೌನ್ ನೋವಿಲ್ಲದಿದ್ದರೆ ನಿರಾತಂಕವಾಗಿ ನಡೆಯಲಿ.

ಇವುಗಳ ಜೊತೆಗೆ ರೊಟೇಟರ್ ಕಫ್‌ಗೆ ನೇರ ಕೆಲಸ ಕೊಡಬೇಕು. ಮೊದಲ ವಾರ ಬಾಗಿಲ ಚೌಕಟ್ಟಿನ ಪಕ್ಕ ನಿಂತು, ಮೊಣಕೈ ಮಡಚಿ ಪಕ್ಕೆಗೆ ಇಟ್ಟುಕೊಂಡು, ಮುಂಗೈಯ ಹಿಂಬದಿಯಿಂದ ಚೌಕಟ್ಟನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಇದನ್ನು ಐದು ಬಾರಿ ಮಾಡಿ. ಕೈ ಅಲುಗದ ಈ ಒತ್ತುವಿಕೆ ಬಹಳ ಮಂದಿಯಲ್ಲಿ ನೋವನ್ನೂ ತಗ್ಗಿಸುತ್ತದೆ. ಆಮೇಲೆ ಎಡಮಗ್ಗುಲಿಗೆ ಮಲಗಿ, ಬಲ ಕಂಕುಳಡಿಗೆ ಸುತ್ತಿದ ಬೈರಾಸು ಇಟ್ಟು, ಒಂದು ಅಥವಾ ಎರಡು ಕಿಲೋದ ಡಂಬೆಲ್ಲನ್ನು ಹೊಟ್ಟೆಯ ಕಡೆಯಿಂದ ಮೇಲಕ್ಕೆ ತಿರುಗಿಸಿ. 12ರಿಂದ 15ರ ಮೂರು ಸುತ್ತು, ದಿನ ಬಿಟ್ಟು ದಿನ. 85 ಕಿಲೋ ಒತ್ತುವವರಿಗೆ ಒಂದು ಕಿಲೋ ಎಂದರೆ ನಗು ಬರುತ್ತದೆ. ಹತ್ತನೆಯ ಎಣಿಕೆಗೆ ಕೈ ನಡುಗಲು ಶುರುವಾದಾಗ ಆ ನಗು ನಿಲ್ಲುವುದನ್ನೂ ನಾನು ನೋಡಿದ್ದೇನೆ. ಬೆನ್ನಹಲಗೆಯನ್ನು ಪಕ್ಕೆಗೆ ಅಂಟಿಸಿಡುವ ಸೆರೇಟಸ್ ಸ್ನಾಯುವಿಗಾಗಿ ಗೋಡೆಗೆ ಕೈಕೊಟ್ಟು ಪುಶ್‌ಅಪ್ ಮಾಡಿ, ಕೊನೆಯಲ್ಲಿ ಮೊಣಕೈ ಮಡಚದೆ ಇನ್ನೂ ಒಂದಂಗುಲ ಗೋಡೆಯನ್ನು ದೂಡಿ.

ಎಷ್ಟು ನೋವನ್ನು ತಾಳಬಹುದು ಎಂಬುದಕ್ಕೆ ತರಬೇತುದಾರರ ಮಾತೂ, ಮನೆಯವರ ಮಾತೂ ಪೂರ್ತಿ ಸರಿಯಲ್ಲ. ಶೂನ್ಯದಿಂದ ಹತ್ತರ ಅಳತೆಯಲ್ಲಿ ಮೂರರವರೆಗಿನ ನೋವು ವ್ಯಾಯಾಮದ ಹೊತ್ತಿನಲ್ಲಿ ಬಂದರೆ ಅಪಾಯವಿಲ್ಲ, ಮರುದಿನ ಬೆಳಿಗ್ಗೆಯೊಳಗೆ ಅದು ಹಳೆಯ ಮಟ್ಟಕ್ಕೆ ಇಳಿಯಬೇಕು. ರಾತ್ರಿ ಎಚ್ಚರವಾಗುವಷ್ಟು ನೋವು ಹೆಚ್ಚಿದರೆ ಹಿಂದಿನ ದಿನದ ಪ್ರಮಾಣ ಜಾಸ್ತಿಯಾಯಿತೆಂದು ತಿಳಿದು ಒಂದು ಹೆಜ್ಜೆ ಹಿಂದೆ ಸರಿಯಿರಿ. ಪೂರ್ತಿ ವಿಶ್ರಾಂತಿಯಲ್ಲಿ ನೋವು ಅಡಗುತ್ತದೆ ನಿಜ, ಆದರೆ ರಜ್ಜು ಇನ್ನಷ್ಟು ದುರ್ಬಲವಾಗುತ್ತದೆ. ಎರಡು ತಿಂಗಳು ಬಿಟ್ಟು ಹಳೆಯ ಭಾರಕ್ಕೇ ಮರಳಿದವರು ಅದೇ ವಾರ ಮತ್ತೆ ನನ್ನೆದುರು ಕುಳಿತಿರುತ್ತಾರೆ. ಮೂರು ವಾರದ ನಂತರ ಬಾರಿಗೆ ಮರಳುವಾಗ 40 ಕಿಲೋದಿಂದ ಶುರುಮಾಡಿ, ಹಿಡಿತವನ್ನು ಮೊದಲಿಗಿಂತ ಕಿರಿದಾಗಿಸಿ, ವಾರಕ್ಕೆ ಎರಡೂವರೆ ಕಿಲೋಗಿಂತ ಹೆಚ್ಚು ಏರಿಸಬೇಡಿ. ಒಟ್ಟು 12 ವಾರಗಳ ಕೆಲಸವಿದು. ನಾಲ್ಕನೆಯ ವಾರದಲ್ಲಿ ಏನೂ ಬದಲಾಗಿಲ್ಲವೆಂದು ಬಿಟ್ಟುಬಿಡುವವರೇ ಜಾಸ್ತಿ.

ಇದಕ್ಕಾಗಿ ದಿನವೂ ಫಿಜಿಯೋಥೆರಪಿ ಕೇಂದ್ರಕ್ಕೆ ಅಲೆಯಬೇಕೆಂದಿಲ್ಲ. 2021ರಲ್ಲಿ ಪ್ರಕಟವಾದ, 708 ಮಂದಿ ಪಾಲ್ಗೊಂಡಿದ್ದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಫಿಜಿಯೋಥೆರಪಿಸ್ಟರು ಒಂದೇ ಭೇಟಿಯಲ್ಲಿ ಸರಿಯಾಗಿ ವಿವರಿಸಿ ಮನೆ ವ್ಯಾಯಾಮ ಹೇಳಿಕೊಟ್ಟವರಿಗೂ, ಆರು ಭೇಟಿಗಳವರೆಗೆ ಕರೆಸಿಕೊಂಡು ಮಾಡಿಸಿದವರಿಗೂ ಒಂದು ವರ್ಷದ ಕೊನೆಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಒಮ್ಮೆ ಒಳ್ಳೆಯವರಲ್ಲಿ ಹೋಗಿ ಕಲಿತುಕೊಂಡು, ತಿಂಗಳಿಗೊಮ್ಮೆ ತೋರಿಸಿದರೆ ಸಾಕು. ‘ಹದಿನೈದು ದಿನ ಕರೆಂಟ್ ಇಡಿಸಿದೆ’ ಎಂದು ಹೇಳುವವರು ಬಹಳ ಮಂದಿ. ಯಂತ್ರದ ಶಾಖ ಹಿತವೆನಿಸುತ್ತದೆ, ರಜ್ಜುವನ್ನು ಬಲಪಡಿಸುವುದಿಲ್ಲ. ಮುರಿವೆಣ್ಣೆ, ಧನ್ವಂತರ ತೈಲಗಳ ಬಗ್ಗೆಯೂ ನನ್ನ ಮಾತು ಇಷ್ಟೇ: ಹಚ್ಚಿ ಬಿಸಿನೀರು ಸುರಿದುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಉಳುಕು ತೆಗೆಯುತ್ತೇವೆಂದು ಕೈಯನ್ನು ಜಗ್ಗಿ ತಿರುಚುವವರ ಬಳಿ ಮಾತ್ರ ಹೋಗಬೇಡಿ. ನಿದ್ದೆಗೆ ಎಡಮಗ್ಗುಲಿಗೆ ಮಲಗಿ, ಎದೆಯ ಮುಂದೆ ಒಂದು ದಿಂಬಿಟ್ಟು ಬಲಗೈಯನ್ನು ಅದರ ಮೇಲೆ ಚಾಚಿಕೊಳ್ಳಿ.

ಡೈಕ್ಲೋಫಿನ್ಯಾಕ್, ಅಸಿಕ್ಲೋಫಿನ್ಯಾಕ್‌ನಂಥ ಮಾತ್ರೆಗಳನ್ನು ನೋವು ಕೆರಳಿದ ಕೆಲವು ದಿನ ವೈದ್ಯರ ಸಲಹೆಯ ಮೇಲೆ ತೆಗೆದುಕೊಳ್ಳಬಹುದು. ಜಿಮ್‌ಗೆ ಹೋಗುವ ಮುನ್ನ ಒಂದು ನುಂಗಿ ಭಾರ ಎತ್ತುವ ಅಭ್ಯಾಸವಿದ್ದರೆ ಇಂದೇ ಬಿಡಿ. ಹೊಟ್ಟೆ ಹುಣ್ಣು, ಮೂತ್ರಪಿಂಡದ ಹಾನಿ, ರಕ್ತದೊತ್ತಡದ ಏರಿಕೆ ಒಂದು ಕಡೆಯಾದರೆ, ಎಚ್ಚರಿಸಬೇಕಾದ ನೋವನ್ನೇ ಮುಚ್ಚಿಹಾಕಿ ರಜ್ಜುವಿಗೆ ಮತ್ತಷ್ಟು ಪೆಟ್ಟು ಕೊಟ್ಟಂತಾಗುವುದು ಇನ್ನೊಂದು ಕಡೆ.

ಸ್ಟಿರಾಯ್ಡ್ ಇಂಜೆಕ್ಷನ್ ವಿಷಯದಲ್ಲಿ ನನಗೆ ಮಡಿವಂತಿಕೆಯಿಲ್ಲ. ರಾತ್ರಿ ನಿದ್ದೆಯೇ ಇಲ್ಲದೆ, ಒಂದು ಕಿಲೋದ ವ್ಯಾಯಾಮವನ್ನೂ ಮಾಡಲಾಗದಷ್ಟು ನೋವಿದ್ದರೆ ಒಂದು ಇಂಜೆಕ್ಷನ್ ಕೆಲವು ವಾರಗಳ ಬಿಡುವು ಕೊಡುತ್ತದೆ. ಮೇಲೆ ಹೇಳಿದ 708 ಮಂದಿಯ ಅಧ್ಯಯನದಲ್ಲಿಯೂ ಇಂಜೆಕ್ಷನ್ ಪಡೆದವರಿಗೆ ಎಂಟನೆಯ ವಾರದಲ್ಲಿ ಅಲ್ಪ ಲಾಭ ಕಂಡಿತ್ತು, ವರ್ಷದ ಕೊನೆಗೆ ಅದು ಉಳಿದಿರಲಿಲ್ಲ. ಅಪಾಯಗಳೂ ಇವೆ. ಚುಚ್ಚಿದ ನಂತರ ಕೆಲವು ದಿನ ಸಕ್ಕರೆ ಏರುತ್ತದೆ, ನೀವು ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಸೋಂಕು ಅಪರೂಪವಾದರೂ ಉಂಟು. ಪದೇಪದೇ ಚುಚ್ಚಿಸಿಕೊಂಡರೆ ರಜ್ಜುವೇ ದುರ್ಬಲವಾಗುತ್ತದೆ. ನೋವು ಮಾಯವಾಯಿತೆಂದು ಮರುದಿನವೇ 80 ಕಿಲೋ ಎತ್ತುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಕನಿಷ್ಠ ಎರಡು ವಾರ ಭಾರದಿಂದ ದೂರವಿರಬೇಕು. ನೀವು ವ್ಯಾಯಾಮ ಮಾಡುವ ಸ್ಥಿತಿಯಲ್ಲಿರುವುದರಿಂದ, ಆರು ವಾರ ಪ್ರಯತ್ನಿಸಿದ ಮೇಲೆ ಬೇಕಾದರೆ ಇದನ್ನು ಯೋಚಿಸಿ ಎನ್ನುತ್ತೇನೆ. ಇದು ಜಿಮ್ಮುಗಳಲ್ಲಿ ಗುಟ್ಟಾಗಿ ಕೈಬದಲಾಗುವ ಮೈ ಬೆಳೆಸುವ ಸ್ಟಿರಾಯ್ಡ್ ಅಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ‘ಬೇಗ ವಾಸಿಯಾಗುತ್ತದೆ, ಒಂದು ಕೋರ್ಸ್ ಮಾಡಿ’ ಎಂದು ಯಾರಾದರೂ ಅದನ್ನು ಕೊಡಲು ಬಂದರೆ ಒಪ್ಪಬೇಡಿ. ಅದು ಸ್ನಾಯುವನ್ನು ರಜ್ಜು ತಾಳಲಾರದ ವೇಗದಲ್ಲಿ ಬೆಳೆಸುತ್ತದೆ, ನಿಮ್ಮ ಈಗಿನ ಸಮಸ್ಯೆಯೇ ಅದು.

ಕೆಲವು ಲಕ್ಷಣಗಳು ಕಂಡರೆ ಇದಾವುದಕ್ಕೂ ಕಾಯಬಾರದು. ಪ್ರೆಸ್ ಮಾಡುವಾಗ ಎದೆ–ಕಂಕುಳ ಹತ್ತಿರ ಏನೋ ಕಿತ್ತಂತಾಗಿ ಅಲ್ಲಿ ಕಪ್ಪುಗಟ್ಟಿದರೆ ಎದೆಯ ಸ್ನಾಯು ಕಿತ್ತಿರಬಹುದು, ಕೆಲವೇ ವಾರಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಫಲಿತಾಂಶ ಚೆನ್ನಾಗಿರುತ್ತದೆ. ಬಿದ್ದ ನಂತರ ಕೈ ಎತ್ತಲೇ ಆಗದಿದ್ದರೆ, ಜ್ವರದೊಂದಿಗೆ ಭುಜ ಕೆಂಪಾಗಿ ಊದಿಕೊಂಡರೆ, ಹೇಗೆ ಮಲಗಿದರೂ ಕಡಿಮೆಯಾಗದ ನೋವಿನ ಜೊತೆ ತೂಕ ಇಳಿಯುತ್ತಿದ್ದರೆ ಕೂಡಲೇ ವೈದ್ಯರನ್ನು ಕಾಣಬೇಕು. ನಡೆದಾಗಲೋ ಮೆಟ್ಟಿಲು ಹತ್ತಿದಾಗಲೋ ಭುಜನೋವಿನ ಜೊತೆಗೆ ಎದೆ ಬಿಗಿತ, ಬೆವರು ಬಂದರೆ ಅದು ಭುಜದ ವಿಷಯವೇ ಅಲ್ಲ, ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಕೊನೆಯದಾಗಿ ಡಿಸೆಂಬರ್ ಪಂದ್ಯಾವಳಿ. ಮೊದಲ ಆರು ವಾರ ಭಾನುವಾರದ ಆಟದಲ್ಲಿ ಸ್ಮ್ಯಾಶ್ ಮತ್ತು ತಲೆಯ ಮೇಲಿಂದ ಬೀಸುವ ಸರ್ವ್ ಬೇಡ. ಹಿಂದಿನ ಸಾಲಿನಲ್ಲಿ ನಿಂತು ಚೆಂಡು ಎತ್ತಿಕೊಡಿ, ಸರ್ವ್ ಕೆಳಗಿನಿಂದಲೇ ಇರಲಿ. ಬಸ್ಸಿನಲ್ಲಿ ಸೀಟಿನ ಹಿಂಬದಿಯನ್ನು ಹಿಡಿಯಿರಿ, ಕಂಬಿಯೇ ಗತಿಯಾದರೆ ಎಡಗೈಗೆ ಬದಲಾಯಿಸಿ. ಏಳನೆಯ ವಾರದಿಂದ ಅರ್ಧ ಬಲದಲ್ಲಿ ಹತ್ತು ಸ್ಮ್ಯಾಶ್ ಹೊಡೆದು ಮರುದಿನ ಬೆಳಗಿನ ನೋವನ್ನು ನೋಡಿ, ಸರಿಯಿದ್ದರೆ ಪ್ರತಿ ವಾರ ಸ್ವಲ್ಪ ಹೆಚ್ಚಿಸುತ್ತ ಹೋಗಿ. ಪಂದ್ಯದ ವಾರ ಬೆಂಚ್ ಪ್ರೆಸ್ ಬೇಡ. ಆ ಹೊತ್ತಿಗೂ ಪೂರ್ತಿ ಬಲದ ಸ್ಮ್ಯಾಶ್ ಹೊಡೆದ ಮರುದಿನ ನೋವು ಮೂರನ್ನು ದಾಟುತ್ತಿದ್ದರೆ, ತಂಡದವರಿಗೆ ಮೊದಲೇ ತಿಳಿಸಿ ಸೆಟ್ಟರ್ ಸ್ಥಾನ ಕೇಳಿ ಪಡೆಯಿರಿ.